ಕೇರೆಮಾನ: ಕಾದಂಬರಿ ಆಧಾರಿತ ಚಿತ್ರಗಳನ್ನು ಅಳೆಯುವ ಬಗೆಗೊಂದು ಕಿರು ಮಹಾಪ್ರಬಂಧ

ಪೀಠಿಕೆ

ಸಿನಿಮಾ ಮುಗಿದು ದೀಪ ಹೊತ್ತಿಕೊಂಡು, ಜನ ಸೀಟಿನ ಕೆಳಗೆ ಚಪ್ಪಲಿಗಾಗಿ ಕಾಲಾಡಿಸುತ್ತಿರುವಾಗ ಹಿಂದಿನ ಸಾಲಿನಿಂದ ಒಂದು ದನಿ ಬಂದೇ ಬರುತ್ತದೆ: “ಏನೇ ಹೇಳಿ, ಕಾದಂಬರೀನೇ ಚೆನ್ನಾಗಿತ್ತು.” ಈ ವಾಕ್ಯದ ಕರ್ತೃ ಯಾರು, ಕಾಲ ಯಾವುದು, ಇದರಲ್ಲಿ ಮೂಲಪಾಠವೆಷ್ಟು, ಪ್ರಕ್ಷಿಪ್ತವೆಷ್ಟು ಎಂಬ ವಿಚಾರಕ್ಕೆ ನಮ್ಮ ವಿದ್ವಾಂಸರು ಕೈಹಾಕಿದಂತೆ ಕಾಣುವುದಿಲ್ಲ. ವಡ್ಡಾರಾಧನೆಯ ಕರ್ತೃ ಯಾರೆಂದು ತಲೆಮಾರುಗಟ್ಟಲೆ ಜಗಳವಾಡಿದ ನಾಡಿನಲ್ಲಿ ಇದು ಸಣ್ಣ ಲೋಪವಲ್ಲ. ಯಾರೂ ಕೇಳದಿದ್ದರೂ ಆ ಲೋಪವನ್ನು ತುಂಬುವ ಹೊಣೆಯನ್ನು ಪ್ರಸ್ತುತ ಪ್ರಬಂಧಕಾರನು ಹೊತ್ತಿದ್ದಾನೆ. ಪ್ರಬಂಧದ ವ್ಯಾಪ್ತಿ ಕನ್ನಡ ಚಿತ್ರಗಳು. ಮಿತಿ, ಪ್ರಬಂಧಕಾರನೇ.

ಮಾನದಂಡದ ಸ್ಥಾಪನೆ

ಯಾವ ಶಾಸ್ತ್ರಕ್ಕಾದರೂ ಒಂದು ಅಳತೆಗೋಲು ಬೇಕು. ನಮಗದು ಚಿತ್ರದುರ್ಗದ ಬಂಡೆಗಳ ನಡುವೆ ಸಿಕ್ಕಿತು. 1972ರಲ್ಲಿ ಪುಟ್ಟಣ್ಣ ಕಣಗಾಲರು ತ.ರಾ.ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಒಂದೇ ಬುಟ್ಟಿಗೆ ಹಾಕಿ ಚಿತ್ರ ಮಾಡಿದರು. ಅದನ್ನು ನೋಡಿದ ತ.ರಾ.ಸು., ತಮ್ಮ ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರಲ್ಲ ಎಂದು ನೊಂದುಕೊಂಡರೆಂಬ ಮಾತು ಗಾಂಧಿನಗರದಲ್ಲಿ ಇಂದಿಗೂ ಓಡಾಡುತ್ತಿದೆ. ಪ್ರಬಂಧಕಾರನು ಇದನ್ನೇ ಆಧಾರವಾಗಿ ಇಟ್ಟುಕೊಂಡು ‘ಕೇರೆ’ ಎಂಬ ಮಾನವನ್ನು ನಿಗದಿಪಡಿಸಿದ್ದಾನೆ. ಮೂಲ ಲೇಖಕರಿಗೆ ಅಷ್ಟು ಬೇಸರ ಹುಟ್ಟಿಸಲು ಎಷ್ಟು ಬದಲಾವಣೆ ಬೇಕೋ ಅದು ಒಂದು ಕೇರೆ. ಅದಕ್ಕಿಂತ ಸೂಕ್ಷ್ಮವಾದ ವ್ಯತ್ಯಾಸಗಳನ್ನು, ಅಂದರೆ ನಾಯಕಿಯ ಊರು ಬದಲಾಗುವುದು, ಸೋದರಮಾವ ಮಾಯವಾಗುವುದು ಮುಂತಾದವನ್ನು, ‘ಮರಿಗೇರೆ’ಗಳಲ್ಲಿ ಎಣಿಸತಕ್ಕದ್ದು.

ಇಲ್ಲಿಯೇ ಮೊದಲ ತೊಡಕು. ಪೂರ್ತಿ ಒಂದು ಕೇರೆ ತೂಗುವ ಈ ಚಿತ್ರ ಜನರ ಕಣ್ಣಿಗೆ ಕೇರೆಯಾಗಿ ಕಾಣಲೇ ಇಲ್ಲ. ಹಟಮಾರಿ ರಾಮಾಚಾರಿ ಎಲ್ಲರ ಮೇಲೂ ಬುಸ್ ಎನ್ನುತ್ತಾನೆ, ಚಾಮಯ್ಯ ಮೇಷ್ಟ್ರು ಎದುರಿಗೆ ಬಂದರೆ ಮಾತ್ರ ಹೆಡೆ ತಗ್ಗಿಸುತ್ತಾನೆ. ಅಲಮೇಲುವನ್ನು ಬಿಟ್ಟುಕೊಡು ಎಂದು ಕೇಳುವವರೂ ಆ ಮೇಷ್ಟ್ರೇ. ಬಿಟ್ಟುಕೊಟ್ಟ ಅಲಮೇಲು ಮುಂದೊಂದು ದಿನ ಮೈಮಾರಿಕೊಳ್ಳುವ ಸ್ಥಿತಿಯಲ್ಲಿ ಅವನ ಕಣ್ಣಿಗೆ ಬೀಳುತ್ತಾಳೆ. ಆಗ ಪ್ರೇಕ್ಷಕನಿಗೆ ಸಿಟ್ಟು ಬರಬೇಕಾದದ್ದು ಮೇಷ್ಟ್ರ ಮೇಲೆ. ಆದರೆ ಆ ಪಾತ್ರದಲ್ಲಿರುವವರು ಕೆ.ಎಸ್. ಅಶ್ವತ್ಥ್, ಅವರ ಮುಖ ನೋಡಿದ ಮೇಲೆ ಸಿಟ್ಟು ಮಾಡಿಕೊಳ್ಳುವುದು ಯಾರಿಂದ ಸಾಧ್ಯ? ಕಾದಂಬರಿಯಲ್ಲಿ ಮೇಷ್ಟ್ರು ಹೇಗಿದ್ದರು ಎಂದು ಕೇಳಿದರೆ, ಎರಡನ್ನೂ ಬಲ್ಲವರು ಕೂಡ ಅಶ್ವತ್ಥರನ್ನೇ ವರ್ಣಿಸುತ್ತಾರೆ. (ಇದೇ ಹಾವನ್ನು ಪುಟ್ಟಣ್ಣನವರೇ 1974ರಲ್ಲಿ ‘ಜಹರೀಲಾ ಇನ್ಸಾನ್’ ಎಂದು ಹಿಂದಿಗೆ ಕೊಂಡೊಯ್ದರು. ಅಲ್ಲಿ ಅದು ಹೆಡೆಯೆತ್ತಲಿಲ್ಲ. ಹಿಂದಿ ಕೇರೆಗಳ ಅಧ್ಯಯನ ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.)

ಕ್ಷೇತ್ರಕಾರ್ಯ

ಶಾಸ್ತ್ರೀಯ ಹೋಲಿಕೆಗೆ ಶುದ್ಧ ಮಾಹಿತಿದಾರರು ಬೇಕು. ಅಂದರೆ ಚಿತ್ರ ಬರುವ ಮೊದಲೇ ಕಾದಂಬರಿ ಓದಿದವರು, ತಲೆಯೊಳಗೆ ಯಾವ ನಟನಟಿಯೂ ಕಾಲಿಟ್ಟಿರದವರು. ಪ್ರಬಂಧಕಾರನು ಇದಕ್ಕಾಗಿ ತ್ರಿವೇಣಿಯವರ ‘ಶರಪಂಜರ’ವನ್ನು ಆರಿಸಿಕೊಂಡನು. ತ್ರಿವೇಣಿ 35 ತುಂಬುವ ಮೊದಲೇ, 1963ರಲ್ಲಿ, ತೀರಿಕೊಂಡರು. ಅವರ ‘ಬೆಳ್ಳಿಮೋಡ’ ತೆರೆಗೆ ಬಂದದ್ದು 1967ರಲ್ಲಿ, ‘ಶರಪಂಜರ’ 1971ರಲ್ಲಿ. ಎರಡನ್ನೂ ಪುಟ್ಟಣ್ಣನವರೇ ನಿರ್ದೇಶಿಸಿದರು. ಲೇಖಕಿಯ ಬೇಸರವನ್ನು ಅಳೆಯುವ ದಾರಿಯೇ ಇಲ್ಲದ ಕಾರಣ ಇವು ತಾಂತ್ರಿಕವಾಗಿ ಸೊನ್ನೆ ಕೇರೆಯ ಚಿತ್ರಗಳು. ಉಳಿದದ್ದು ಓದುಗರ ಸಾಕ್ಷ್ಯ.

ಮೊದಲ ಸಾಕ್ಷ್ಯ, ಸರ್ಕ್ಯುಲೇಟಿಂಗ್ ಲೈಬ್ರರಿಯೊಂದರ ಹಳೆಯ ಪ್ರತಿ. ರಟ್ಟು ಕಿತ್ತುಹೋಗಿ ಗೋಂದಿನ ಮೇಲೆ ಗೋಂದು ಮೆತ್ತಿತ್ತು. ಹುಚ್ಚು ವಾಸಿಯಾಗಿ ಮನೆಗೆ ಬಂದ ಕಾವೇರಿಯನ್ನು ಮನೆಯವರು ಹುಚ್ಚಿಯೆಂದೇ ನೋಡುವ ಪುಟಗಳಲ್ಲಿ ನೀಲಿ ಬಾಲ್‌ಪೆನ್ನಿನಿಂದ ಅಡಿಗೆರೆ ಎಳೆಯಲಾಗಿದೆ. ಅಂಚಿನಲ್ಲಿ ದುಂಡನೆಯ ಅಕ್ಷರದಲ್ಲಿ ‘ಪಾಪ ಕಲ್ಪನಾ’ ಎಂಬ ಟಿಪ್ಪಣಿ. ಅದರ ಕೆಳಗೆ ಬೇರೊಬ್ಬರ ಕೈಬರಹದಲ್ಲಿ, ಪೆನ್ಸಿಲಿನಲ್ಲಿ, ‘ಗಂಡಂಗೆ ಮೊದ್ಲು ಟ್ರೀಟ್‌ಮೆಂಟ್ ಕೊಡಿಸಬೇಕು’. ಕನ್ನಡ ವಿಮರ್ಶೆಯಲ್ಲಿ ಇಷ್ಟು ಖಚಿತವಾದ ಭಾಷ್ಯ ಅಪರೂಪ. ಆದರೆ ಚಿತ್ರದಲ್ಲಿ ಕಾವೇರಿಯಾದ ನಟಿಯ ಹೆಸರು ಬಿದ್ದಿರುವುದರಿಂದ ಪ್ರತಿ ಮೈಲಿಗೆಯಾಗಿದೆ, ಪುರಾವೆಯಾಗಿ ಸಲ್ಲದು.

ಎರಡನೆಯ ಸಾಕ್ಷ್ಯ, ಪ್ರಬಂಧಕಾರನ ಸೋದರತ್ತೆ.

“ಅತ್ತೆ, ನೀವು ಶರಪಂಜರ ಮೊದಲು ಓದಿದ್ದೋ, ನೋಡಿದ್ದೋ?”

“ಓದಿದ್ದೇ ಮೊದಲು ಕಣೋ. ಆಗಿನ್ನೂ ಸಿನಿಮಾ ಮಾಡ್ತಾರೆ ಅಂತ್ಲೂ ಯಾರಿಗೂ ಗೊತ್ತಿರಲಿಲ್ಲ.”

“ಓದುವಾಗ ಹೇಗನ್ನಿಸಿತು?”

“ಅಯ್ಯೋ, ಆ ಕಲ್ಪನಾ ಹ್ಯಾಗೆ ಅಳ್ತಿದ್ಲು ಅಂತೀಯ, ಕಣ್ಣಿಗೆ ಕಟ್ಟಿದ ಹಾಗಿತ್ತು.”

ಕಾಲಗಣನೆಯ ಈ ಸಮಸ್ಯೆಯನ್ನು ಪ್ರಬಂಧಕಾರನು ಭೌತಶಾಸ್ತ್ರದವರಿಗೆ ಬಿಟ್ಟುಕೊಟ್ಟಿದ್ದಾನೆ. ಕರ್ನಾಟಕದಲ್ಲಿ ಶುದ್ಧ ಮಾಹಿತಿದಾರರು ಸಿಗುವುದು ಕಷ್ಟ ಎಂದಷ್ಟೇ ಇಲ್ಲಿ ದಾಖಲಿಸಬಹುದು. ಚಿತ್ರ ಮುಂದಕ್ಕೆ ಓಡಿದಷ್ಟೇ ವೇಗದಲ್ಲಿ ಹಿಂದಕ್ಕೂ ಓಡಿ, ಆಗಲೇ ಓದಿಯಾದ ಕಾದಂಬರಿಯೊಳಗೆ ನಟರನ್ನು ಕೂರಿಸಿ ಬರುತ್ತದೆ.

1972ರದೇ ಆದ ‘ಬಂಗಾರದ ಮನುಷ್ಯ’ದ ಕಥೆಯೂ ಇದೇ. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ವರ್ಷಗಟ್ಟಲೆ ಓಡಿತು. ಚಿತ್ರ ನೋಡಿ ಪಟ್ಟಣ ಬಿಟ್ಟು ಹಳ್ಳಿಗೆ ಮರಳಿ ಉಳುಮೆಗಿಳಿದವರಿದ್ದರೆಂದು ಹೇಳುತ್ತಾರೆ. ಕಾದಂಬರಿ ಓದಿ ನೇಗಿಲು ಹಿಡಿದವರ ಸುದ್ದಿ ಮಾತ್ರ ಪ್ರಬಂಧಕಾರನ ಕಿವಿಗೆ ಬಿದ್ದಿಲ್ಲ. ಕಾದಂಬರಿ ಟಿ.ಕೆ. ರಾಮರಾಯರದು, ಪತ್ತೇದಾರಿ ಕೃತಿಗಳಿಗೆ ಹೆಸರಾದವರು. ಕೊನೆಯಲ್ಲಿ ಎಲ್ಲವನ್ನೂ ಬಿಟ್ಟು ನಡೆದ ನಾಯಕ ರಾಜೀವ ಹೋದದ್ದೆಲ್ಲಿಗೆ ಎಂಬುದನ್ನು ಮಾತ್ರ ಇಂದಿಗೂ ಯಾರೂ ಪತ್ತೆ ಹಚ್ಚಿಲ್ಲ.

ಗಾತ್ರದ ನಿಯಮ

ಗೊರೂರರ ಒಂದು ಸಣ್ಣಕಥೆ ಸಿದ್ದಲಿಂಗಯ್ಯನವರ ಕೈಯಲ್ಲಿ ‘ಭೂತಯ್ಯನ ಮಗ ಅಯ್ಯು’ ಎಂಬ ಭರ್ತಿ ಚಿತ್ರವಾಯಿತು. ಕುವೆಂಪು ಅವರ 1936ರ ‘ಕಾನೂರು ಹೆಗ್ಗಡಿತಿ’, ತಲೆದಿಂಬಾಗಬಲ್ಲ ಕಾದಂಬರಿ, ಗಿರೀಶ ಕಾರ್ನಾಡರ ಕೈಯಲ್ಲಿ 1999ರಲ್ಲಿ ಅದೂ ಒಂದು ಚಿತ್ರವಾಯಿತು. ಪುಟ ಎಷ್ಟೇ ಇರಲಿ, ಪ್ರೇಕ್ಷಕ ಕೊನೆಯ ಬಸ್ಸಿಗೆ ಹೋಗಲೇಬೇಕು ಎಂಬುದು ಇಲ್ಲಿನ ನಿಯಮ.

ಲೇಖಕರೇ ಒಳಹೊಕ್ಕಾಗ

ಕೇರೆ ಹುಟ್ಟದಂತೆ ನೋಡಿಕೊಳ್ಳುವ ಉಪಾಯವೊಂದನ್ನು ನವ್ಯರು ಕಂಡುಕೊಂಡರು: ದೂರು ಹೇಳಬಹುದಾದ ಸಾಹಿತಿಗಳನ್ನೆಲ್ಲ ಚಿತ್ರದೊಳಗೇ ಸೇರಿಸಿಬಿಡುವುದು. ಅನಂತಮೂರ್ತಿಯವರ ‘ಸಂಸ್ಕಾರ’ವನ್ನು ಪಟ್ಟಾಭಿರಾಮ ರೆಡ್ಡಿ 1970ರಲ್ಲಿ ತೆರೆಗೆ ತಂದಾಗ ಚಿತ್ರಕಥೆ ಬರೆದವರು, ಪ್ರಾಣೇಶಾಚಾರ್ಯರಾದವರು ಕಾರ್ನಾಡ್. ನಾರಣಪ್ಪನಾದವರು ಪಿ. ಲಂಕೇಶ್. ನಾರಣಪ್ಪ ಕಥೆಯ ಬಹುಭಾಗ ಸತ್ತು ಮಲಗಿರುವವನೆಂಬುದನ್ನು ಓದುಗರು ಗಮನಿಸಬೇಕು. ಒಬ್ಬ ಕನ್ನಡ ಸಾಹಿತಿ ಇನ್ನೊಬ್ಬ ಸಾಹಿತಿಯ ಕಾದಂಬರಿಯಲ್ಲಿ ಹೆಣವಾಗಲು ಒಪ್ಪಿದ ಉದಾಹರಣೆ ನಮ್ಮ ಸಾಹಿತ್ಯ ಚರಿತ್ರೆಯಲ್ಲಿ ಬೇರೆ ಇರಲಾರದು. ಅಗ್ರಹಾರವನ್ನು ಕ್ಯಾಮೆರಾದಲ್ಲಿ ಹಿಡಿದ ಟಾಮ್ ಕೋವನ್ ಆಸ್ಟ್ರೇಲಿಯಾದವರು. ಸೆನ್ಸಾರಿನವರು ಮೊದಲು ತಡೆದರು. ಆಮೇಲೆ ರಾಷ್ಟ್ರಪತಿಗಳ ಸ್ವರ್ಣಪದಕ ಬಂತು. ಲಂಕೇಶರು ಮುಂದೆ ಒಂದು ಹೆಜ್ಜೆ ಹೆಚ್ಚೇ ಇಟ್ಟು, ತಮ್ಮ ‘ಬಿರುಕು’ ಕಾದಂಬರಿಯನ್ನು ತಾವೇ ‘ಪಲ್ಲವಿ’ ಎಂದು ಚಿತ್ರ ಮಾಡಿದರು. ಲಂಕೇಶರ ಬಗ್ಗೆ ದೂರಲು ಲಂಕೇಶರು ಯಾರ ಬಳಿ ಹೋಗಬೇಕು?

ಮಾನದಂಡ ಮುರಿದ ಪ್ರಸಂಗ

ಇಷ್ಟು ನಾಜೂಕಾಗಿ ಕಟ್ಟಿದ ಶಾಸ್ತ್ರಕ್ಕೆ ಗಿರೀಶ ಕಾಸರವಳ್ಳಿಯವರು 2008ರಲ್ಲಿ ಮಾಡಿದ ಹಾನಿ ಅಷ್ಟಿಷ್ಟಲ್ಲ. ವೈದೇಹಿಯವರ ‘ಗುಲಾಬಿ ಟಾಕೀಸು’ ಕಥೆಯಲ್ಲಿ ಸಣ್ಣ ಊರಿಗೆ ಸಿನಿಮಾ ಟಾಕೀಸು ಬರುತ್ತದೆ, ಸೂಲಗಿತ್ತಿ ಲಿಲ್ಲಿಬಾಯಿ ಅದರ ಗೇಟು ಕಾಯುತ್ತಾಳೆ. ಚಿತ್ರದಲ್ಲಿ ಲಿಲ್ಲಿಬಾಯಿ ಇಲ್ಲ, ಊರಿಗೆ ಟಾಕೀಸೂ ಬರುವುದಿಲ್ಲ. ಮೀನುಗಾರರ ನಡುವೆ ಬದುಕುವ ಮುಸ್ಲಿಂ ಸೂಲಗಿತ್ತಿ ಗುಲಾಬಿಯ ಗುಡಿಸಲಿಗೆ ಟಿ.ವಿ. ಬರುತ್ತದೆ, ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಕೂರುತ್ತಾರೆ, ಹೊರಗೆ ಕಾರ್ಗಿಲ್ ಕಾಲದ ಅನುಮಾನ ಬೆಳೆಯುತ್ತದೆ. ಹೆಸರೊಂದನ್ನು ಉಳಿಸಿಕೊಂಡು ಟಾಕೀಸನ್ನೇ ಕಿತ್ತುಹಾಕಿದ ಚಿತ್ರಕ್ಕೆ ಕೇರೆಗಳನ್ನು ಎಣಿಸಲು ಕುಳಿತ ಪ್ರಬಂಧಕಾರನಿಗೆ ಬೆರಳು ಸಾಲಲಿಲ್ಲ. ಗುಲಾಬಿಯಾದ ಉಮಾಶ್ರೀ ಟಿ.ವಿ.ಯ ಬೆಳಕಿನಲ್ಲಿ ಕಣ್ಣರಳಿಸಿದಾಗ ಎಣಿಕೆಯೂ ತಪ್ಪಿತು. ಕಥೆಯಲ್ಲಿ ವೈದೇಹಿಯವರು ಹೆಂಗಸರಿಗೆ ಕೊಟ್ಟ ಆ ಕತ್ತಲೆಯ ಬಿಡುವು, ಟಾಕೀಸು ಬಾರದ ಚಿತ್ರದಲ್ಲೂ ಹಾಗೆಯೇ ಇತ್ತು. ಉಮಾಶ್ರೀಯವರಿಗೆ ರಾಷ್ಟ್ರಪ್ರಶಸ್ತಿ ಬಂತು. ಕೇರೆಮಾನಕ್ಕೆ ಬಂದದ್ದು ಪಾರ್ಶ್ವವಾಯು.

ಮುಂದಿನ ಸಂಶೋಧಕರಿಗೆ ಎಚ್ಚರಿಕೆ

ಅದಕ್ಕಿಂತ ಘೋರವಾದದ್ದು 2023ರಲ್ಲಿ ನಡೆಯಿತು. ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನು ಆಧರಿಸಿದ ‘ಡೇರ್‌ಡೆವಿಲ್ ಮುಸ್ತಫಾ’ಕ್ಕೆ ದುಡ್ಡು ಹಾಕಿದವರು ತೇಜಸ್ವಿಯವರ ಓದುಗರೇ. ಇದರ ಪರಿಣಾಮವನ್ನು ವಿದ್ವಾಂಸರು ತಣ್ಣಗೆ ಕುಳಿತು ಯೋಚಿಸಬೇಕು. ಓದುಗನೇ ನಿರ್ಮಾಪಕನಾದ ಮೇಲೆ, ದೀಪ ಹೊತ್ತಿಕೊಂಡಾಗ ಎದ್ದು ನಿಂತು “ಕಥೆಯೇ ಚೆನ್ನಾಗಿತ್ತು” ಎಂದರೆ ಕತ್ತರಿ ಬೀಳುವುದು ಅವನದೇ ಜೇಬಿಗೆ. ಅವನು ತೆಪ್ಪಗೆ ಚಪ್ಪಲಿ ಹಾಕಿಕೊಂಡು, ಪಕ್ಕದವನಿಗೆ “ಇನ್ನೊಂದು ಸಲ ನೋಡಬೇಕು ಕಣ್ರೀ, ಮನೆಯವರನ್ನೂ ಕರಕೊಂಡು ಬನ್ನಿ” ಎನ್ನುತ್ತಾನೆ. ಈ ಪದ್ಧತಿ ಹಬ್ಬಿದರೆ ನಮ್ಮ ಶಾಸ್ತ್ರಕ್ಕೆ ದತ್ತಾಂಶವೇ ಸಿಗದೆ ಹೋಗುತ್ತದೆ. ಆದ್ದರಿಂದ ಓದುಗರು ಚಿತ್ರ ನಿರ್ಮಿಸುವುದನ್ನು ಈ ಮಹಾಪ್ರಬಂಧಕ್ಕೆ ಪದವಿ ದೊರೆಯುವವರೆಗಾದರೂ ತಡೆಹಿಡಿಯಬೇಕೆಂದು ಪ್ರಬಂಧಕಾರನು ಸಂಬಂಧಪಟ್ಟವರಲ್ಲಿ ವಿನಂತಿಸುತ್ತಾನೆ.