ಎಸ್‌ಡಿಎಂಸಿ ಹುರಿಯಾಳು

ಊರ ಸರ್ಕಾರಿ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿಗೆ ಆಯ್ಕೆ. ಗರಿಗರಿ ಬಿಳಿ ಅಂಗಿಯ ಅಭ್ಯರ್ಥಿ ಹೆಡ್‌ಮೇಷ್ಟ್ರ ಕೋಣೆಗೆ ನುಗ್ಗಿದರು.

"ನಮಸ್ಕಾರ ಸಾರ್. ಈ ಸಲ ಅಧ್ಯಕ್ಷ ನಾನೇ."

"ಮೊದಲು ಸದಸ್ಯರಾಗ್ಬೇಕಲ್ಲ ಗೌಡ್ರೇ. ಮಗು ಇಲ್ಲಿ ಓದ್ತಿರಬೇಕು."

"ಓದ್ತಾವ್ಳಲ್ಲ! ದೊಡ್ಡವನು ಕಾನ್ವೆಂಟು. ಚಿಕ್ಕವಳನ್ನ ಇದಕ್ಕೇ ಅಂತ ಇಲ್ಲಿಗೆ ಸೇರ್ಸಿದ್ದು."

"ಯಾವ ಕ್ಲಾಸು?"

"ಅದು... ಅಗೋ, ಹೊರಗೆ ಕುಂಟೆಬಿಲ್ಲೆ ಆಡ್ತಾವ್ಳೆ, ಕೇಳಿ ಹೇಳ್ತೀನಿ."

"ಬೇಡಿ, ಅವಳು ಬೇರೆಯವ್ರ ಮಗಳು."

(ಗೌಡರು ಕೆಮ್ಮಿದರು. ರಾಜಕೀಯಕ್ಕೆ ಇಷ್ಟು ಕೆಮ್ಮು ಸಾಕು.)

"ಅದಿರ್ಲಿ, ಪ್ರಣಾಳಿಕೆ ಕೇಳಿ. ಗೇಟಿಗೆ ದೊಡ್ಡ ಕಮಾನು, ಅದರ ಮೇಲೆ ನನ್ನ ಹೆಸರು."

"ಶೌಚಾಲಯಕ್ಕೆ ನೀರಿಲ್ಲ."

"ಕಮಾನಿಗೆ ಲೈಟೂ ಹಾಕ್ಸೋಣ ಸಾರ್!"

"2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಸಮಿತಿಲಿ ಮುಕ್ಕಾಲು ಪಾಲು ಪೋಷಕರು, ಒಟ್ಟು ಅರ್ಧದಷ್ಟು ಹೆಂಗಸರು ಇರಬೇಕು. ಉಳಿದಿರೋದು ಮಹಿಳಾ ಸೀಟೇ."

"ಅಷ್ಟೇ ತಾನೇ? ನಮ್ಮನೆಯವಳ ಹೆಸರು ಬರ್ಕೊಳ್ಳಿ. ಸಭೆಗೆ ನಾನೇ ಬರ್ತೀನಿ, ಸಹಿನೂ ನಂದೇ."

"ಅವರು ಬೆಳಿಗ್ಗೇನೇ ಬಂದು ಹೆಸರು ಕೊಟ್ರು. ಬಿಸಿಯೂಟದ ಅಕ್ಕಿ, ಹಾಲಿನ ಪುಡಿ, ಮೊಟ್ಟೆ ಲೆಕ್ಕ ಎಲ್ಲಾ ನೋಡಿದ್ರು. ಮಗಳು ನಾಲ್ಕನೇ ಕ್ಲಾಸು ಅಂತಾನೂ ಅವ್ರಿಗೆ ಗೊತ್ತು."

"ನಂಗೆ ಹೇಳ್ಲೇ ಇಲ್ವಲ್ಲ!"

"'ಯಜಮಾನ್ರು ಸಹಿ ಹಾಕೋಕೆ ಬಂದ್ರೆ ಪೆನ್ನು ಕೊಡ್ಬೇಡಿ ಸಾರ್' ಅಂದ್ರು."

ಆಕೆ ಅವಿರೋಧವಾಗಿ ಆಯ್ಕೆಯಾದರು. ಮೊದಲ ಸಭೆಯಲ್ಲಿ ನೀರಿನ ಮೋಟರಿಗೆ ಒಪ್ಪಿಗೆ ಸಿಕ್ಕಿತು. ಕಮಾನಿನ ವಿಷಯ ಚರ್ಚೆಗೇ ಬರಲಿಲ್ಲ.