ಬಿಸಿಸಿ ಪೆಟ್ಟಿಗೆಯವರ ಸನ್ನಿಧಾನಕ್ಕೆ

ಕಚೇರಿಯ ಸಕಲ ಪತ್ರಗಳ ಗುಪ್ತ ವಾರಸುದಾರರಾದ ಬ್ಯಾಕಪ್ ಪೆಟ್ಟಿಗೆಯವರಿಗೆ ಸಾಷ್ಟಾಂಗ ನಮಸ್ಕಾರ.

ತಮ್ಮ ಹೆಸರು ಯಾವ ಮೇಲ್‌ನಲ್ಲೂ ಕಾಣುವುದಿಲ್ಲ, ತಮಗೆ ಸಿಗದ ಮೇಲ್ ಯಾವುದೂ ಇಲ್ಲ. ಮೇಲ್ ಸಾಗಿಸುವ ಪೋಸ್ಟ್‌ಫಿಕ್ಸ್‌ನಲ್ಲಿ ‘ಆಲ್ವೇಸ್_ಬಿಸಿಸಿ’ (ಪ್ರತಿ ಮೇಲ್‌ಗೂ ಒಂದು ಗುಪ್ತ ಪ್ರತಿ) ಎಂಬ ಒಂದು ಸಾಲು ಬರೆಸಿಕೊಂಡು ಅಧಿಕಾರಕ್ಕೆ ಬಂದವರು ತಾವು. ‘ಆಡಿಟ್‌ನವರು ಕೇಳಿದರೆ?’ ಎಂಬ ಭಯವೇ ತಮ್ಮ ಜನ್ಮಕ್ಕೆ ಕಾರಣ. ರಜೆ ಚೀಟಿಯಿಂದ ನಾಮಕರಣದ ಕರೆಯವರೆಗೆ ಎಲ್ಲವೂ ತಮ್ಮಲ್ಲಿ ಭದ್ರ. ತೆರೆದು ಓದಿದವರು ಮಾತ್ರ ಯಾರೂ ಇಲ್ಲ.

ಇರಲಿ. ವೈರಸ್ ಸೋಸಲು ಅಮಾವಿಸ್ ಬಂದಂದಿನಿಂದ ತಮಗೆ ಪ್ರತಿ ಮೇಲ್ ಎರಡೆರಡು ಬರುತ್ತಿದೆ. ತಾವು ತುಟಿ ಪಿಟಕ್ಕೆನ್ನಲಿಲ್ಲ. ಪೋಸ್ಟ್‌ಫಿಕ್ಸ್ ಬಂದ ಮೇಲ್‌ಗೆ ತಮ್ಮ ವಿಳಾಸ ಸೇರಿಸಿ 10024ನೇ ಪೋರ್ಟಿನ ಅಮಾವಿಸ್‌ಗೆ ಒಪ್ಪಿಸುತ್ತದೆ. ಅದು ಸೋಸಿ 10025ಕ್ಕೆ ಮರಳಿಸಿದಾಗ ಪೋಸ್ಟ್‌ಫಿಕ್ಸ್ ಹೊಸ ಮೇಲ್ ಬಂತೆಂದುಕೊಂಡು ತಮ್ಮನ್ನು ಮತ್ತೆ ಕರೆಯುತ್ತದೆ. ಮೊದಲ ಪಂಕ್ತಿಯಲ್ಲಿ ಉಂಡು, ಕೈತೊಳೆದು, ಎರಡನೇ ಪಂಕ್ತಿಗೂ ಎಲೆ ಹಾಕಿಸಿಕೊಳ್ಳುವ ಬೀಗರಂತೆ ತಾವೂ ಕೂತುಬಿಡುತ್ತೀರಿ. ಡಿಸ್ಕ್ ತುಂಬಿದ ದಿನ ಬೈಗುಳ ಮಾತ್ರ ಸರ್ವರ್ ನೋಡಿಕೊಳ್ಳುವವನಿಗೆ.

ಮದ್ದು ಪೋಸ್ಟ್‌ಫಿಕ್ಸ್ 2.1ರಿಂದಲೂ ಇದೆ: ‘ರಿಸೀವ್_ಓವರ್‌ರೈಡ್_ಆಪ್ಶನ್ಸ್’ಗೆ ‘ನೋ_ಅಡ್ರೆಸ್_ಮ್ಯಾಪಿಂಗ್ಸ್’ ಎಂದು ಕೊಟ್ಟ ಬಾಗಿಲಲ್ಲಿ ತಮ್ಮ ವಿಳಾಸ ಸೇರುವುದಿಲ್ಲ. ಮೇಲ್ ಬರುವ ಮೊದಲ ಬಾಗಿಲು, ಅಮಾವಿಸ್‌ನಿಂದ ಮರಳುವ ಎರಡನೇ ಬಾಗಿಲು, ಎರಡಕ್ಕೂ ಹಾಕಿದರೆ ತಮಗೆ ಉಪವಾಸ, ಜೊತೆಗೆ ವರ್ಚುವಲ್ ಅಲಿಯಾಸ್‌ಗಳಿಗೂ ಏಕಾದಶಿ. ಹಾಗಾಗಿ ಯಾವುದೋ ಒಂದು ಬಾಗಿಲಿಗೆ ಹಾಕಬೇಕು. ಯಾವುದಕ್ಕೆ ಎಂದು ತೀರ್ಮಾನಿಸಲು ಸಭೆ ಕರೆದರು. ಸಭೆಯ ನಡಾವಳಿಯೂ ತಮಗೆ ಎರಡು ಪ್ರತಿ ಬಂದಿರಬೇಕು.

ಮೊದಲ ಬಾಗಿಲಿಗೆ ಹಾಕಿದರೆ ಸೋಸಿ ಉಳಿದದ್ದಷ್ಟೇ ತಮ್ಮ ಪಾಲು. ನನ್ನ ಮತ ಅದಕ್ಕೇ. ಸಾಹೇಬರಿಗೆ ಒಪ್ಪಿಗೆಯಿಲ್ಲ: ‘ಬಂದದ್ದು ಬಂದ ಹಾಗೇ ಇರಬೇಕು.’ ಹಾಗಾದರೆ ಮದ್ದನ್ನು ಎರಡನೇ ಬಾಗಿಲಿಗೆ ಹಾಕಿ, ಪ್ರತಿಯನ್ನು ಮೊದಲ ಬಾಗಿಲಲ್ಲೇ ತೆಗೆಯಬೇಕು, ವೈರಸ್ ಮೇಲ್ ತಡೆಯದಂತೆ ತಮ್ಮನ್ನು ಅಮಾವಿಸ್‌ನ ‘ವೈರಸ್_ಲವರ್ಸ್’ ಪಟ್ಟಿಗೂ ಸೇರಿಸಬೇಕು. ಕುಹಕವಲ್ಲ, ಆ ಪಟ್ಟಿಯ ಹೆಸರೇ ಅದು. ಊರಿಗೆಲ್ಲ ನಿಷಿದ್ಧವಾದ ವೈರಸ್ ತಮ್ಮ ಹೊಟ್ಟೆಯಲ್ಲಿ ಬೆಚ್ಚಗಿದ್ದು, ಬ್ಯಾಕಪ್ ತೆರೆದ ದಿನ ಮೇಜು ಮೇಜಿಗೆ ಹಂಚಿಕೆಯಾಗುತ್ತದೆ.

ಇನ್ನೊಂದು ಗುಟ್ಟು. ಪೋಸ್ಟ್‌ಫಿಕ್ಸ್ 2.2ರವರೆಗೆ ತಮಗೆ ಮೇಲ್ ತಲುಪದಿದ್ದರೆ ಕಳಿಸಿದವರಿಗೆ ವರದಿ ಹೋಗುತ್ತಿತ್ತು. ಗುಪ್ತ ಪೆಟ್ಟಿಗೆಯ ವಿಳಾಸ ಜಗಜ್ಜಾಹೀರು. 2.3ರಿಂದ ಹಾಗಾಗದಂತೆ ಮಾಡಿದ್ದಾರೆ. ನಮ್ಮ ಸರ್ವರ್‌ನಲ್ಲಿ ಯಾವ ಆವೃತ್ತಿ ಇದೆಯೆಂದು ಮಾತ್ರ ಕೇಳಬೇಡಿ.

ಇಂತಿ ತಮ್ಮ ವಿಧೇಯ,
ಸರ್ವರ್ ಕೋಣೆಯ ಕಾವಲುಗಾರ
(ಪ್ರತಿ: ತಮಗೇ)