ಖಾಲಿ ಹಾಳೆಯ ಯಜಮಾನರು

ಊರಿಗೊಬ್ಬ ಕವಿ ಇದ್ದ ಕಾಲ ಹೋಯಿತು. ಬೆಂಗಳೂರಿನಲ್ಲಿ ಈಗ ಅಪಾರ್ಟ್‌ಮೆಂಟಿಗೊಬ್ಬ ಬೈಂಡರ್ ಹುಟ್ಟಿಕೊಂಡಿದ್ದಾನೆ. ವಾರವೆಲ್ಲ ಲ್ಯಾಪ್‌ಟಾಪ್ ಕುಟ್ಟಿ, ಶನಿವಾರ ಒಂದು ಕಾರ್ಯಾಗಾರಕ್ಕೆ ಹೋಗಿ, ಭಾನುವಾರದ ಹೊತ್ತಿಗೆ ಬೆರಳಿಗೆ ಸೂಜಿ ಚುಚ್ಚಿಸಿಕೊಂಡು ಕೈಯಾರೆ ನೋಟ್‌ಬುಕ್ ಹೊಲಿಯುವವನು. ಲಗ್ನಪತ್ರಿಕೆ ಕೊಟ್ಟರೆ ಮುಹೂರ್ತ ನೋಡುವುದಿಲ್ಲ. ಅಡ್ಡಕ್ಕೊಮ್ಮೆ ಉದ್ದಕ್ಕೊಮ್ಮೆ ಬಾಗಿಸಿ ಕಾಗದದ ನಾರು ಯಾವ ಕಡೆ ಓಡಿದೆ ಎಂದು ಪರೀಕ್ಷಿಸುತ್ತಾನೆ. ಯಾರ ಮನೆಗೆ ಹೋದರೂ ಪುಸ್ತಕದ ಹೆಸರಿಗಿಂತ ಮೊದಲು ಬೆನ್ನು ನೋಡಿ, "ಹೊಲಿಗೆ ಇಲ್ಲ, ಬರೀ ಅಂಟು" ಎಂದು ಮರುಕಪಡುತ್ತಾನೆ. ಇಂಥವನ ವಿಷಯದಲ್ಲಿ ನನ್ನ ವಾದ ಒಂದೇ: ಇವನು ನೋಟ್‌ಬುಕ್ ಮಾಡುವುದು ಬರೆಯುವುದಕ್ಕಲ್ಲ, ಬರೆಯುವ ಕಷ್ಟದಿಂದ ಗೌರವಯುತವಾಗಿ ಪಾರಾಗುವುದಕ್ಕೆ.

ಅವನ ಕೆಲಸವನ್ನೇ ಸಾಕ್ಷಿಗೆ ಕರೆಯೋಣ. ನಾಲ್ಕು ಎ4 ಹಾಳೆಗಳನ್ನು ಒಂದರೊಳಗೊಂದು ಮಡಿಸಿದರೆ 16 ಪುಟದ ಒಂದು ಫಾರಂ. ಅಂಥ ಎಂಟನ್ನು ಹೊಲಿದರೆ 128 ಪುಟ. ಕೇಳಲು ಸುಲಭ. ಆದರೆ ಜೆರಾಕ್ಸ್ ಕಾಗದದ ನಾರು ಸಾಮಾನ್ಯವಾಗಿ ಹಾಳೆಯ ಉದ್ದಕ್ಕೆ ಓಡಿರುತ್ತದೆ. ಅದನ್ನು ಅರ್ಧಕ್ಕೆ ಮಡಿಸಿದಾಗ ಮಡಿಕೆ ನಾರಿಗೆ ಅಡ್ಡ ಬಿದ್ದು, ಪುಟ ಬಿಚ್ಚಿದರೆ ಮಲಗುವುದಿಲ್ಲ, ಸೆಟೆದು ನಿಲ್ಲುತ್ತದೆ. ರಟ್ಟಿನ ಹೊರಮೈಗೆ ಫೆವಿಕಾಲ್ ಬಳಿದು ಬಟ್ಟೆ ಅಂಟಿಸುತ್ತಾನೆ. ಒಣಗುವಾಗ ಅದು ಎಳೆದುಕೊಂಡು ರಟ್ಟು ಹಪ್ಪಳದಂತೆ ಸೊಟ್ಟಗಾಗುತ್ತದೆ. ಒಳಗಡೆಯೂ ಒಂದು ಹಾಳೆ ಅಂಟಿಸಿದರೆ ಆ ಎಳೆತಕ್ಕೆ ಈ ಎಳೆತ ಸರಿಹೋಗುತ್ತದೆಂಬುದು ತಿಳಿಯುವ ಹೊತ್ತಿಗೆ ಎರಡು ನೋಟ್‌ಬುಕ್ ಬಲಿಯಾಗಿರುತ್ತವೆ. ಒಣಗುವ ತನಕ ಭಾರ ಹೇರಬೇಕಲ್ಲ? 1894ರಲ್ಲಿ ಕಿಟೆಲ್ ಸಾಹೇಬರು ಹೊರತಂದ ನಿಘಂಟನ್ನು ಅಜ್ಜನ ಕಪಾಟಿನಿಂದ ಇಳಿಸುವುದು ಆಗಲೇ. ಈ ಮನೆಯಲ್ಲಿ ಅದರ ತೂಕ ಗೊತ್ತಾಗುವುದೂ ಆಗಲೇ. ಇಷ್ಟು ಪಾಡುಪಟ್ಟು ಕೊನೆಗೊಂದು ನೆಟ್ಟಗಿನ ನೋಟ್‌ಬುಕ್ ಕೈಗೆ ಬಂದಾಗ, ಅದರ ಮೊದಲ ಪುಟದಲ್ಲಿ "ಟೊಮೆಟೊ ಅರ್ಧ ಕೆಜಿ" ಎಂದು ಬರೆಯುವ ಎದೆಗಾರಿಕೆ ಯಾರಿಗಿದೆ?

ಕೈಯಲ್ಲಿ ಮಾಡಿದ್ದೆಂದರೆ ಜೋಪಾನ ಮಾಡಬೇಕಾದ್ದು ಎಂಬ ಈ ಭಾವನೆ ಹೊಸದು. ನಮ್ಮಲ್ಲಿ ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲಪುಡಿ ಬಳಿದು ಮಡಿಸಿಡುತ್ತಿದ್ದ ಕಡತವೂ ಕೈಕೆಲಸವೇ. ಅದರ ಮೇಲೆ ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು, ಬೇಡವಾದಾಗ ಅಳಿಸಿ ಮತ್ತೆ ಬರೆಯುತ್ತಿದ್ದರು. ಹಳೇ ನೋಟ್ಸಿನ ಉಳಿದ ಹಾಳೆಗಳನ್ನು ಕಿತ್ತು, ದಬ್ಬಣದಲ್ಲಿ ಪೋಣಿಸಿ ಅಮ್ಮಂದಿರು ಹೊಲಿದುಕೊಡುತ್ತಿದ್ದ ರಫ್ ಪುಸ್ತಕ ದಸರಾ ರಜೆಯೊಳಗೆ ತುಂಬಿಹೋಗುತ್ತಿತ್ತು. ಮೈಕೆಲ್ ಫ್ಯಾರಡೆಯಂತೂ ಕಸುಬಿನಲ್ಲೇ ಬೈಂಡರ್. 1805ರಲ್ಲಿ ಲಂಡನ್ನಿನ ಅಂಗಡಿಯೊಂದರಲ್ಲಿ ಕೆಲಸ ಕಲಿಯಲು ಸೇರಿದವನು. 1812ರಲ್ಲಿ ಹಂಫ್ರಿ ಡೇವಿಯ ಉಪನ್ಯಾಸ ಕೇಳಿ ಟಿಪ್ಪಣಿ ಬರೆದು, ಆಮೇಲೆ ಅದನ್ನು ಬೈಂಡ್ ಮಾಡಿ ಡೇವಿಗೇ ಕಳಿಸಿದ. ಮುಂದಿನ ವರ್ಷ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಕೆಲಸವೂ ಸಿಕ್ಕಿತು. ಮೊದಲು ಬರಹ, ಆಮೇಲೆ ಹೊಲಿಗೆ. ನಮ್ಮವನು ಹೊಲಿಗೆ ಮುಗಿಸಿ, ಬರಹಕ್ಕೆ ಒಳ್ಳೆಯ ಪೆನ್ನು ಹುಡುಕುತ್ತಿದ್ದಾನೆ.

"ಅಂಗಡಿಯಲ್ಲಿ 50 ರೂಪಾಯಿಗೆ ಸಿಗುವುದಕ್ಕೆ ಇಷ್ಟೆಲ್ಲ ಯಾಕೆ?" ಎಂಬ ಆಕ್ಷೇಪಕ್ಕೆ ನಾನು ಸೊಪ್ಪು ಹಾಕುವುದಿಲ್ಲ, ಹಾಗೆ ನೋಡಿದರೆ ಹೋಟೆಲಿರುವ ಊರಲ್ಲಿ ಯಾರೂ ಒಲೆ ಹಚ್ಚಬಾರದು. ಗಟ್ಟಿ ಆಕ್ಷೇಪ ಬೇರೆಯದು: ವೀಣೆ ಮಾಡುವವನು ನುಡಿಸಲೇಬೇಕೆ, ಮಾಡುವ ಸುಖವೇ ಸಾಲದೆ? ಸಾಕು. ಎಂಟು ಗಂಟೆ ಪರದೆ ದಿಟ್ಟಿಸಿದವನಿಗೆ ಮೇಣ ಹಚ್ಚಿದ ದಾರ ತೂತಿನಲ್ಲಿ ಸರ್ರನೆ ನುಗ್ಗುವಾಗ ಆಗುವ ನೆಮ್ಮದಿಯನ್ನು ಅಲ್ಲಗಳೆಯಲಾರೆ. ಆದರೆ ವೀಣೆ ಮಾಡಿದವನು ಅದನ್ನು ನುಡಿಸುವವರಿಗೆ ಮಾರುತ್ತಾನೆ. ಇವನು ಗೃಹಪ್ರವೇಶಕ್ಕೋ ಹುಟ್ಟುಹಬ್ಬಕ್ಕೋ ಉಡುಗೊರೆ ಕೊಡುತ್ತಾನೆ, ಪಡೆದವರು "ಅಯ್ಯೋ, ಇಷ್ಟು ಚೆನ್ನಾಗಿದೆ, ಇದರಲ್ಲಿ ಹೇಗ್ರೀ ಬರೆಯೋದು?" ಎಂದು ಷೋಕೇಸಿಗೆ ಸೇರಿಸುತ್ತಾರೆ. ಖಾಲಿತನ ಒಂದು ಮನೆಯಿಂದ ಇನ್ನೊಂದು ಮನೆಗೆ ವರ್ಗವಾಯಿತು, ಅಷ್ಟೆ. ಅವನ ಕೃತಿಗಳಲ್ಲಿ ಮಸಿ ಕಾಣುವ ಭಾಗ್ಯವಿರುವುದು ಮೊದಲನೆಯದಕ್ಕೆ ಮಾತ್ರ, ಸೊಟ್ಟಗಾಗಿ ಅಂಟು ಉಕ್ಕಿ ಎರಡು ಪುಟ ಕಚ್ಚಿಕೊಂಡದ್ದಕ್ಕೆ. ನಾಚಿಕೆಯಿಂದ ಅವನು ಮೂಲೆಗೆಸೆದದ್ದನ್ನು ಅವನ ಅತ್ತೆ ಎತ್ತಿಕೊಂಡು ಹಾಲಿನ ಲೆಕ್ಕ, ಗ್ಯಾಸ್ ಬಂದ ತಾರೀಕು, ಚೀಟಿಯ ಕಂತು ಎಲ್ಲ ಬರೆದು ಮುಕ್ಕಾಲು ತುಂಬಿಸಿರುತ್ತಾರೆ. ಅವನಿಗಾದರೋ ಸುಲ್ತಾನ್‌ಪೇಟೆಯಿಂದ ರಟ್ಟು, ಅವೆನ್ಯೂ ರೋಡಿನಿಂದ ಕಾಗದ ತರುವುದಕ್ಕೇ ಪುರುಸೊತ್ತಿಲ್ಲ. ಆ ಖರ್ಚಿನ ಲೆಕ್ಕವನ್ನಾದರೂ ಎಲ್ಲಿ ಬರೆದಿಟ್ಟಿದ್ದಾನೆ ಎಂದು ಕೇಳಿ ನೋಡಿ: ಮೊಬೈಲಿನಲ್ಲಿ.